ಅಂಗೈಯಲ್ಲಿ ಹಿಮ

ಟಾಕೀಜಿನಲ್ಲಿ ಅತ್ತೆಯನ್ನು ಯಾವ ಗಳಿಗೆಯಲ್ಲಿ ಎಬ್ಬಿಸಿ ಹೊರಗೆ ಕರೆದೊಯ್ಯಬೇಕೆಂದು ಪೂರ್ಣಿಮಾ ಬೆಳಗಿನಿಂದ ಮನಸ್ಸಿನಲ್ಲೇ ಸಿನಿಮಾ ಓಡಿಸಿ ನೋಡುತ್ತಿದ್ದಳು. ರೊಟ್ಟಿ ಬಡಿಯುವಾಗ ಒಮ್ಮೆ ಓಡಿಸಿದಳು, ಮಗಳು ಕಾವೇರಿಯ ಜಡೆ ಹೆಣೆಯುವಾಗ ಮತ್ತೊಮ್ಮೆ. ಹಿಮದ ಗುಡ್ಡದ ಮೇಲೆ ಸೈನಿಕ ಸಾಯುತ್ತಾನೆ. ಆಮೇಲೆ ದಿಲ್ಲಿಯಲ್ಲಿ ಮಂತ್ರಿಯ ಉದ್ದನೆಯ ಭಾಷಣ. ಆಮೇಲೆ ಹೂವು ಹೊದಿಸಿಕೊಂಡ ಮಿಲಿಟರಿ ಲಾರಿ ಕಬ್ಬಿನ ಹೊಲಗಳ ನಡುವೆ ಧೂಳೆಬ್ಬಿಸುತ್ತ ಬರುತ್ತದೆ. ಲಾರಿ ಕಂಡ ಕೂಡಲೇ ಏಳಬೇಕು. ತಡವಾಯಿತೋ, ಚಿತೆ. ಪರದೆಯ ತುಂಬ ಬೆಂಕಿ. “ನೀ ಒಮ್ಮೆ ನೋಡಿ ಬಂದೀಯಲ್ಲ, ನಿನಗ ಗೊತ್ತಾಗತೈತಿ,” ಎಂದಿದ್ದ ಗಂಡ ಸಂಜಯ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಅವಳ ಮುಖ ನೋಡದೆ. “ಏನರ ನೆವಾ ಹೇಳಿ ಅವ್ವನ್ನ ಹೊರಗ ಕರಕೊಂಡ ಹೋಗು. ಆಕಿ ಅದನ್ನ ನೋಡಬಾರದು.” ನೆವ ಅವಳೇ ಹುಡುಕಬೇಕು, ಗಳಿಗೆಯೂ ಅವಳೇ ಹಿಡಿಯಬೇಕು, ತಪ್ಪಿದರೆ ತಪ್ಪೂ ಅವಳದೇ. ಹದಿಮೂರು ವರ್ಷದ ಸಂಸಾರದಲ್ಲಿ ಇಂಥ ಕೆಲಸಗಳು ಹೇಗೋ ಜಾರಿ ಜಾರಿ ಅವಳ ಉಡಿಗೇ ಬಂದು ಬೀಳುತ್ತಿದ್ದವು.

ಸತ್ತವನು ಸಂಜಯನ ತಮ್ಮ ಅಂದಾನೆಪ್ಪ. ಗಡಿಯ ಒಂದು ಠಾಣೆಯಲ್ಲಿ ಏಳು ವರ್ಷದ ಹಿಂದೆ ಸತ್ತ. ಆ ಠಾಣೆಯ ಕಥೆಯೇ ಈಗ ಸಿನಿಮಾ ಆಗಿತ್ತು. ಹೆಸರು ಬದಲಿಸಿದ್ದರು, ಊರನ್ನು ಕರ್ನಾಟಕದ ಒಂದು ಹಳ್ಳಿ ಎಂದಷ್ಟೇ ಅಂದಿದ್ದರು, ಆದರೆ ಜಮಖಂಡಿಯಿಂದ ಚಿಕ್ಕಪಡಸಲಗಿಯ ತನಕ ಎಲ್ಲರಿಗೂ ಅವನು ಅವಳ ಅತ್ತೆ ಹಾಲವ್ವನ ಮಗನೇ. ಸಿನಿಮಾದವರು ಅವನನ್ನು ಸುಟ್ಟಿದ್ದರು. ಇವರ ಮನೆತನದಲ್ಲಿ ಸುಡುವುದಿಲ್ಲ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಡಿದು, ಎಡ ಅಂಗೈಯಲ್ಲಿ ಕೊರಳ ಲಿಂಗವನ್ನಿಟ್ಟು, ಪೂಜೆಗೆ ಕೂತವರ ಹಾಗೆ ಕೂಡಿಸಿ ಮಣ್ಣು ಕೊಡುತ್ತಾರೆ. ಕುಣಿ ಚೌಕವಾಗಿರುತ್ತದೆ. ಮೇಲೆ ಕಟ್ಟುವ ಗದ್ದಿಗೆಯೂ ಚೌಕ. ಅಂದಾನೆಪ್ಪನಿಗೂ ಊರವರು ಹೊಳೆದಂಡೆಯ ಹೊಲದಲ್ಲಿ ಅಪ್ಪನ ಗದ್ದಿಗೆಯ ಪಕ್ಕ ಚೌಕ ಕುಣಿಯನ್ನೇ ತೆಗೆದು ಕಾಯುತ್ತಿದ್ದರು. ಬಂದದ್ದು ಉದ್ದನೆಯ ಪೆಟ್ಟಿಗೆ. ತೆರೆಯಬಾರದೆಂದು ಅಧಿಕಾರಿ ಕೈಮುಗಿದು ಹೇಳಿದ. ಆಗ ಏನಾಯಿತೆಂಬುದು ಪೂರ್ಣಿಮಾಳ ಕಣ್ಣಿಗೆ ಕಟ್ಟಿದ ಹಾಗಿದೆ: ಬಂದೂಕು ಹಿಡಿದು ಸಾಲಾಗಿ ನಿಂತ ಸೈನಿಕರು, ಶಾಲು ಹೊದ್ದ ಪುಢಾರಿಗಳು, ನಾಕಾರು ಟೀವಿಯವರು, ಇವರೆಲ್ಲರ ಕಣ್ಣೆದುರು ನಾಲ್ಕು ಜನ ಪಂಚೆ ಎತ್ತಿಕಟ್ಟಿ ಕುಣಿಯೊಳಗಿಳಿದು ಅದನ್ನು ಉದ್ದ ಮಾಡತೊಡಗಿದ್ದು. ಹಾರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೋ ಪುಢಾರಿ ಗಡಿಯಾರ ನೋಡಿಕೊಂಡ. ಅಂದಾನೆಪ್ಪನ ಲಿಂಗ ಬೇರೆಯೇ ಒಂದು ಪುಡಿಕೆಯಲ್ಲಿ, ಅವನ ಕೈಗಡಿಯಾರದ ಜೊತೆ ಬಂದಿತ್ತು. ಮಠದ ಅಯ್ಯನವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತು, ಕೊನೆಗೆ ಪೆಟ್ಟಿಗೆಯ ಮೇಲಿಟ್ಟರು. ಹಾಲವ್ವ ಅಳಲಿಲ್ಲ. “ಮಲಗಿಸಿದ್ರಿ?” ಎಂದಳು. “ನನ್ನ ಮಗನ್ನ ಮಲಗಿಸಿದ್ರಿ?” ಅಷ್ಟೇ. ಅಂದಿನಿಂದ ಆ ಜಾಗದ ಮೇಲೆ ಗದ್ದಿಗೆ ಕಟ್ಟಲು ಬಿಟ್ಟಿಲ್ಲ. ಸಂಜಯ ಎರಡು ಸಲ ಗೌಂಡಿಯನ್ನು ಕರೆತಂದ, ಎರಡು ಸಲವೂ ವಾಪಸು ಕಳಿಸಿದಳು. ಗದ್ದಿಗೆ ಕಟ್ಟಿದರೆ ಉದ್ದ ಕಟ್ಟಬೇಕು. ಉದ್ದ ಕಟ್ಟಿದರೆ ಮಲಗಿದ್ದಾನೆ ಅಂತಾಗುತ್ತದೆ. ಸುತ್ತ ಹಚ್ಚಿದ ಕಲ್ಲುಗಳು ಏಳು ವರ್ಷದಿಂದ ಹಾಗೇ ಇವೆ, ಕಬ್ಬಿನ ನಡುವೆ, ಉದ್ದಕ್ಕೆ.

ಪೂರ್ಣಿಮಾ ಜಮಖಂಡಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಾಳೆ. ಜಿಲ್ಲೆಯ ಪತ್ರಿಕೆಗೆ ರವಿವಾರದ ಸಿನಿಮಾ ಅಂಕಣವನ್ನೂ ಬರೆಯುತ್ತಾಳೆ. ಈ ಸಿನಿಮಾವನ್ನು ಹೋದ ವಾರವೇ ಮುಧೋಳದಲ್ಲಿ, ಸಹೋದ್ಯೋಗಿ ಸರಿತಾಳ ಜೊತೆ, ಕಾಲೇಜಿನಲ್ಲಿ ಮೀಟಿಂಗಿದೆ ಎಂದು ಅತ್ತೆಗೆ ಹೇಳಿ ನೋಡಿ ಬಂದಿದ್ದಳು. ಹೋಗುವಾಗ ಹಲ್ಲು ಕಚ್ಚಿಕೊಂಡೇ ಹೋಗಿದ್ದಳು. ಬೆಂಗಳೂರಿನ ವಿಮರ್ಶಕನೊಬ್ಬ ಇದು ಸರ್ಕಾರದ ಧ್ವನಿವರ್ಧಕ ಎಂದು ಬರೆದಿದ್ದ, ಇನ್ನೊಬ್ಬ ಇದನ್ನು ನೋಡದವನು ದೇಶದವನೇ ಅಲ್ಲ ಎಂದಿದ್ದ. ಸ್ಟಾಫ್ ರೂಮಿನಲ್ಲಿ ರಾಜ್ಯಶಾಸ್ತ್ರದ ಶಿವಾಜಿ ಸರ್ “ಇದು ಸಿನಿಮಾ ಅಲ್ರಿ, ಎಲೆಕ್ಷನ್ನಿನ ಪಾಂಪ್ಲೆಟು, ಹಾಡು ಬ್ಯಾರೆ ಸೇರಿಸ್ಯಾರ” ಎಂದರೆ, ಸರಿತಾ “ನಿಮಗ ಬಿಡ್ರಿ ಸರ, ಜನಗಣಮನ ಹಚ್ಚಿದ್ರೂ ರಾಗ ಸರಿ ಇಲ್ಲ ಅಂತೀರಿ” ಎಂದು ಚಹದ ಕಪ್ಪು ಕುಕ್ಕಿದ್ದಳು. ಇಬ್ಬರೂ ಅವಳ ಕಡೆ ತಿರುಗಿ, ಇಬ್ಬರೂ ಒಟ್ಟಿಗೇ ಸುಮ್ಮನಾಗಿದ್ದರು. ಆ ಮೌನ ಅವಳಿಗೆ ಅವಮಾನದಂತೆ ತಟ್ಟಿತು. ಮನೆಯಲ್ಲೊಬ್ಬ ಹುತಾತ್ಮನಿದ್ದರೆ ನಾಲಿಗೆ ತಮ್ಮದಾಗಿ ಉಳಿಯುವುದಿಲ್ಲ ಎಂಬಂತೆ. ಆದರೆ ಟಾಕೀಜಿನ ಕತ್ತಲಲ್ಲಿ ಕೂತ ಮೇಲೆ ನಡೆದದ್ದು ಬೇರೆ. ಆ ನಿರ್ದೇಶಕ ಯುದ್ಧವನ್ನು ಬೇಸರದಂತೆ ತೋರಿಸಿದ್ದ. ಬಟಾಟೆ ಸುಲಿಯುವ ಹುಡುಗರು, ಒಣಗದ ಕಾಲುಚೀಲ, ನೆಟ್‌ವರ್ಕ್ ಸಿಗುವ ಒಂದೇ ಬಂಡೆಯ ಮೇಲೆ ಪಾಳಿ ಹಚ್ಚಿ ನಿಲ್ಲುವವರು, ಮಾತು ಮುಗಿದರೂ ಫೋನನ್ನು ಕಿವಿಯಿಂದ ತೆಗೆಯದವರು. ಎಷ್ಟೊಂದು ತಾಳ್ಮೆಯಿಂದ ನೋಡಿದ್ದ ಆತ! ಮಂತ್ರಿಯ ಭಾಷಣ ಬಂದಾಗ ಸಿಟ್ಟು ಬಂತು ನಿಜ, ಆದರೆ ಅಷ್ಟರಲ್ಲಿ ಸಿನಿಮಾ ಅವಳನ್ನು ಹಿಡಿದುಕೊಂಡುಬಿಟ್ಟಿತ್ತು. ಮೆಚ್ಚಬಾರದ್ದನ್ನು ಮೆಚ್ಚಿದೆನೇನೋ ಎಂಬ ನಾಚಿಕೆ ಬಸ್ಸಿನುದ್ದಕ್ಕೂ ಅವಳ ಜೊತೆ ಬಂತು.

ಆ ನಾಚಿಕೆಗೆ ಮದ್ದೆಂಬಂತೆ ವಿಮರ್ಶೆಯಲ್ಲಿ ಎಲ್ಲ ಹೊಗಳಿಕೆಯ ಕೊನೆಗೆ ಒಂದು ಸಾಲು ಸೇರಿಸಿದ್ದಳು: ‘ಇಷ್ಟು ನಿಜವಾದ ಚಿತ್ರದಲ್ಲಿ ಒಂದೇ ಒಂದು ಸುಳ್ಳಿದೆ. ಸೈನಿಕ ಧ್ಯಾನಕ್ಕೆ ಕೂತಂತೆ ಕೂತು ಸಾಯುತ್ತಾನೆ. ಶೆಲ್ಲು ಬಿದ್ದಲ್ಲಿ ಯಾರೂ ಹಾಗೆ ಸಾಯುವುದಿಲ್ಲ.’ ಬರೆದು ತೃಪ್ತಿಯಾಗಿತ್ತು. ಈಗ ಶಿವಾಜಿ ಸರ್ ಕೂಡ ತಲೆದೂಗಬೇಕು. ಯಾರೂ ಹಾಗೆ ಸಾಯುವುದಿಲ್ಲ ಎಂಬುದು ಅವಳಿಗೆ ಗೊತ್ತೂ ಇತ್ತು. ಒಮ್ಮೆ ಗಾಡಿಯ ಮೇಲೆ ಹೋಗುವಾಗ ಸಂಜಯ ಹಿಂದಕ್ಕೆ ತಿರುಗದೆ, ಗಾಳಿಗೆ ಹೇಳುವವನ ಹಾಗೆ, “ಪೆಟಿಗಿ ಹಗೂರಿತ್ತು” ಎಂದಿದ್ದ. ಮತ್ತೆಂದೂ ಆ ಮಾತು ಎತ್ತಿರಲಿಲ್ಲ. ವಿಮರ್ಶೆಯಲ್ಲಿ ಚಿತೆಯ ಬಗ್ಗೆ ಮಾತ್ರ ಒಂದಕ್ಷರ ಬರೆಯಲಿಲ್ಲ. ಏಕೆಂದರೆ ಪ್ರತಿ ರವಿವಾರ ಅಂಕಣವನ್ನು ಕಾವೇರಿ ಅಜ್ಜಿಗೆ ಓದಿ ಹೇಳುತ್ತಾಳೆ. ಹಾಲವ್ವನಿಗೆ ಓದು ಬಾರದು. ಸೊಸೆ ಬರೆದದ್ದನ್ನು ಪೂರ್ತಿ ಕೇಳದೆ ಆಕೆ ಅವತ್ತು ಚಹ ಕುಡಿಯುವುದಿಲ್ಲ. ಈ ಸಲದ್ದನ್ನು ಇವತ್ತು ಬೆಳಿಗ್ಗೆಯೇ ಪೂರ್ಣಿಮಾ ಕಳಿಸಿಯಾಗಿತ್ತು. ನಾಳೆ ರವಿವಾರ.

ಊರಿನ ಹುಲೆಪ್ಪನ ಬಾಡಿಗೆ ಗಾಡಿ ಕ್ರೂಸರಿನಲ್ಲಿ ಜಮಖಂಡಿಗೆ ಹೊರಟರು. ಟಾಕೀಜಿನ ಮಾಲೀಕರೇ ಮ್ಯಾಟಿನಿ ಆಟಕ್ಕೆ ಕರೆದಿದ್ದರು. ಹಾಲವ್ವ ಮುಂದಿನ ಸೀಟಿನಲ್ಲಿ ಕೂತು, ಬನಹಟ್ಟಿಯ ಹೊಸ ಸೀರೆಯ ಸೆರಗನ್ನು ತಲೆಯ ಮೇಲೆ ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. “ಹುಲೆಪ್ಪಾ, ನೀ ನೋಡಿಯೇನೊ?” “ಎರಡ ಸಲಾ ನೋಡೇನವ್ವಾ. ನಮ್ಮ ಅಂದಾನೆಪ್ಪಣ್ಣ ಎಂಟ ಮಂದಿನ್ನ ಹೊಡೀತಾನ ನೋಡ್ರಿ, ಏನ ಕೇಳ್ತೀರಿ!” “ಹುಚ್ಚ ಖೋಡಿ, ಅಂವ ಕೋಳಿ ಕೊಯ್ಯೂದ ನೋಡಾಕ ಓಡಿ ಹೋಗಿ ಕಣಜದಾಗ ಕುಂದರಾಂವ,” ಎಂದಳು ಹಾಲವ್ವ. ಎಲ್ಲರೂ ನಕ್ಕರು. ಸಂಜಯ ಕೂಡ ನಕ್ಕ. ಪೂರ್ಣಿಮಾ ನಗುತ್ತಲೇ ಲಾರಿಯ ದೃಶ್ಯವನ್ನು ಮತ್ತೊಮ್ಮೆ ಓಡಿಸಿ ನೋಡಿದಳು. ವಾಂತಿ ಬರುತ್ತಿದೆ ಎನ್ನಬೇಕು. ವಾಂತಿಯಾದರೆ ಅತ್ತೆ ಖಂಡಿತ ಎದ್ದು ಬರುತ್ತಾಳೆ, ಸೊಸೆಯ ಹಣೆ ಹಿಡಿಯಲು.

ಟಾಕೀಜಿನ ಮುಂದೆ ‘ನಮ್ಮೂರ ಹುಲಿಯ ಕಥೆ’ ಎಂಬ ಬ್ಯಾನರು. ಅದರಲ್ಲಿ ಅಂದಾನೆಪ್ಪನ ಫೋಟೋ ಸಣ್ಣದು, ಅದನ್ನು ಕಟ್ಟಿಸಿದವರದು ದೊಡ್ಡದು. ಬೀಳಗಿಯಿಂದ ಬಂದ ಮಾಜಿ ಸೈನಿಕರು ಇಸ್ತ್ರಿ ಮಾಡಿದ ಅಂಗಿಗೆ ಪದಕ ಚುಚ್ಚಿಕೊಂಡು ನಿಂತಿದ್ದರು. ಹೆಗಲ ಮೇಲೆ ಪಕ್ಷದ ವಸ್ತ್ರ ಹಾಕಿದ ಒಬ್ಬ ಹಾಲವ್ವನಿಗೆ ಶಾಲು ಹೊದಿಸಿ, ಫೋಟೋ ಸರಿ ಬರಲಿಲ್ಲವೆಂದು ಶಾಲು ತೆಗೆದು ಮತ್ತೊಮ್ಮೆ ಹೊದಿಸಿದ. ಹಾಲವ್ವ ಎರಡು ಸಲವೂ ಕೈಮುಗಿದಳು. ಪೂರ್ಣಿಮಾಳ ಕಿವಿ ಬಿಸಿಯಾಯಿತು. ಆತ ಅವಳ ಕಡೆ ತಿರುಗಿ “ಮೇಡಂ, ಪೇಪರಿನ್ಯಾಗ ಛಲೋ ಬರೀರಿ, ನಿಮಗಿಲ್ಲದ ಹಕ್ಕು ಯಾರಿಗೈತ್ರಿ?” ಎಂದಾಗ, ಬೆಳಿಗ್ಗೆ ಕಳಿಸಿದ ಆ ಕೊನೆಯ ಸಾಲು ನೆನಪಾಗಿ ಗುಟ್ಟಾಗಿ ಖುಷಿಯಾಯಿತು.

ಒಳಗೆ ಹಾಲವ್ವ ಸಿನಿಮಾ ನೋಡಿದ ರೀತಿ ನೋಡಬೇಕಿತ್ತು. ಪರದೆಯ ಮೇಲಿನ ಹುಡುಗ ಯಾರೋ ಉತ್ತರದ ನಟ, ಅಂದಾನೆಪ್ಪನ ಮೂಗೂ ಅಲ್ಲ ಮೈಕಟ್ಟೂ ಅಲ್ಲ. ಆದರೂ ಆತ ತಂಗಳನ್ನವನ್ನು ಗಬಗಬ ತಿನ್ನುವುದನ್ನು ಕಂಡು ಆಕೆ “ಹಂಗ ಉಣ್ಣಾಂವ ನೋಡ ಬೇ, ಬೆನ್ನ ಹಿಂದ ನಾಯಿ ಬಿದ್ದಾಂಗ” ಎಂದು ಪೂರ್ಣಿಮಾಳ ಮೊಣಕೈ ತಿವಿದಳು. ಹಿಮ ಬೀಳುವಾಗ “ಟೊಪಗಿ ಹಾಕ್ಕೊಳ್ಳಲೇ!” ಎಂದು ಜೋರಾಗಿಯೇ ಕೂಗಿದಳು. ಮುಂದಿನ ಸಾಲಿನವರು ಹೊರಳಿ ನೋಡಿ, ಯಾರೆಂದು ತಿಳಿದು, ನಗು ನುಂಗಿಕೊಂಡರು. ಬಂಡೆಯ ಮೇಲೆ ಪಾಳಿ ಹಚ್ಚಿ ನಿಂತವರಲ್ಲಿ ಅವನ ಪಾಳಿ ಬರುವ ಹೊತ್ತಿಗೆ ನೆಟ್‌ವರ್ಕ್ ಹೋಗುತ್ತದೆ. ಹಾಲವ್ವ “ಅದಕ್ಕ ಆ ಮಂಗಳವಾರ ಫೋನ ಬರಲಿಲ್ಲ,” ಎಂದಳು, ಬಹಳ ದಿನದಿಂದ ಕಾಡಿದ್ದೊಂದು ಇವತ್ತು ಬಗೆಹರಿಯಿತೆಂಬ ಧ್ವನಿಯಲ್ಲಿ. ಅದೇ ಸಿನಿಮಾ, ಆದರೆ ಪೂರ್ಣಿಮಾ ಹೋದ ವಾರ ನೋಡಿದ್ದಲ್ಲ. ಅವಳು ಚೌಕಟ್ಟು ನೋಡಿದ್ದಳು, ಬೆಳಕು ನೋಡಿದ್ದಳು, ರಾಜಕೀಯ ನೋಡಿದ್ದಳು. ಪಕ್ಕದಲ್ಲಿ ಕೂತ ಈ ಹೆಂಗಸು, ಮಗ ದೂರದಲ್ಲಿ ಕಳೆದ ದಿನಗಳನ್ನು ಒಂದೊಂದಾಗಿ ಎಣಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಹೇಗೆ ಸತ್ತನೆಂದು ಸಾವಿರ ಮಂದಿ ಹೇಳಿದ್ದರು. ಹೇಗಿದ್ದನೆಂದು ಯಾರೂ ಹೇಳಿರಲಿಲ್ಲ.

ಆಮೇಲೆ ಶೆಲ್ಲು ಬಿತ್ತು. ಟಾಕೀಜಿನಲ್ಲಿ ಸಿಳ್ಳೆ, ಘೋಷಣೆ, ಯಾರೋ ಎದ್ದು ನಿಂತು ಕೂಗಿದ ಜೈಕಾರ. ಹೊಗೆ ಸರಿಯಿತು. ಅವನು ಬಂಡೆಗೆ ಬೆನ್ನು ಕೊಟ್ಟು ಕೂತಿದ್ದ, ಕಾಲು ಮಡಚಿ, ಕಣ್ಣು ಅರೆಮುಚ್ಚಿ. ಇದೇ ಆ ಸುಳ್ಳು, ಎಂದುಕೊಂಡಳು ಪೂರ್ಣಿಮಾ, ಇದಾದ ಮೇಲೆ ಭಾಷಣ, ಆಮೇಲೆ ಲಾರಿ, ತಯಾರಾಗಬೇಕು. ಕ್ಯಾಮರಾ ನಿಧಾನಕ್ಕೆ ಕೆಳಗಿಳಿಯಿತು. “ಕೈ ನೋಡು,” ಎಂದಳು ಹಾಲವ್ವ. ಪಿಸುಮಾತಿನಲ್ಲಿ. ಪೂರ್ಣಿಮಾ ನೋಡಿದಳು. ಮಡಿಲಲ್ಲಿ ಎಡಗೈ ಮೇಲ್ಮುಖವಾಗಿ ತೆರೆದಿತ್ತು. ಬೆರಳುಗಳು ಏನನ್ನೋ ಹಿಡಿದಂತೆ ತುಸು ಬಾಗಿದ್ದವು. ಆ ಅಂಗೈಯಲ್ಲಿ ಹಿಮ ಬಿದ್ದು ಬಿದ್ದು ಸಣ್ಣದೊಂದು ಗುಂಡಗಿನ ಗುಪ್ಪೆಯಾಗುತ್ತಿತ್ತು. ಹೋದ ವಾರ ಇದು ಕಂಡಿರಲೇ ಇಲ್ಲ.

ಎರಡು ವರ್ಷದ ಹಿಂದೆ ಮುಂಬಯಿಯಿಂದ ಒಬ್ಬ ಸಣಕಲು ಹುಡುಗಿ ಬಂದಿದ್ದಳು, ನಿರ್ದೇಶಕನ ಸಹಾಯಕಿ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಚಹ ಕುಡಿಯುತ್ತ ಅವಳು ಕೇಳಿದ್ದಳು, ನಿಮ್ಮಲ್ಲಿ ಹೇಗೆ ಮಾಡುತ್ತೀರಿ ಎಂದು. ಪೂರ್ಣಿಮಾ ತನ್ನ ಮುರುಕು ಹಿಂದಿಯಲ್ಲಿ ಹೇಳಿದ್ದಳು: ನಾವು ಕೂಡಿಸುತ್ತೇವೆ. ಹೀಗೆ. ಎಂದು ನೆಲದ ಮೇಲೆ ತಾನೇ ಕಾಲು ಮಡಚಿ ಕೂತು ತೋರಿಸಿದ್ದಳು. ಕಣ್ಣು ಅರೆಮುಚ್ಚಿ, ಎಡಗೈ ಮಡಿಲಲ್ಲಿಟ್ಟು, ಇಲ್ಲಿ, ಈ ಅಂಗೈಯಲ್ಲಿ ಲಿಂಗ, ಎಂದು. ಅವನಿಗೆ ಮಾತ್ರ ಆಗಲಿಲ್ಲ, ಅತ್ತೆಗೆ ಅದೊಂದೇ ಕೊರಗು, ಎಂದೂ ಹೇಳಿದ್ದಳು. ಆ ಹುಡುಗಿ ಚಹ ಆರಿಹೋಗುವಷ್ಟು ಹೊತ್ತು ಅವಳ ಕೈಯನ್ನೇ ನೋಡುತ್ತಿದ್ದಳು. ಸಿನಿಮಾದಲ್ಲಿ ಚಿತೆ ಕಂಡಾಗ, ಎಲ್ಲ ಮರೆತರು, ಹೇಳಿದ್ದು ನೀರಿಗೆ ಹೋಯಿತು, ಎಂದು ಹೋದ ವಾರ ಸಿಟ್ಟಾಗಿದ್ದಳು. ಮರೆತಿರಲಿಲ್ಲ. ದುಡ್ಡು ಹಾಕಿದವರಿಗೆ ಬೆಂಕಿ ಬೇಕಿತ್ತೇನೋ. ಆದರೆ ಯಾರೋ ಒಬ್ಬರು ಅವಳ ಮಾತನ್ನು ಅಷ್ಟು ದೂರ ಹೊತ್ತೊಯ್ದು, ಹಿಮದ ಗುಡ್ಡವನ್ನು ಹತ್ತಿಸಿ, ಬೆಂಕಿಗಿಂತ ಮೊದಲು, ಯಾರೂ ತಡೆಯಲಾರದ ಜಾಗದಲ್ಲಿ ಇಟ್ಟುಬಿಟ್ಟಿದ್ದರು. ತಾನು ನೆಲದ ಮೇಲೆ ಕೂತು ತೋರಿಸಿದ್ದನ್ನೇ ತಾನೇ ಸುಳ್ಳು ಎಂದು ಬರೆದಿದ್ದಳು. ಪರದೆ ಮಸುಕಾಯಿತು. ತಾನು ಅಳುತ್ತಿದ್ದೇನೆಂದು ತಿಳಿಯಲು ತುಸು ಹೊತ್ತು ಬೇಕಾಯಿತು.

ಅಷ್ಟರಲ್ಲಿ ಮಂತ್ರಿ ಮಾತಾಡಿ ಮುಗಿಸಿದ್ದ, ಲಾರಿ ಬಂದುಬಿಟ್ಟಿತ್ತು. ಎರಡು ಸೀಟಿನಾಚೆಯಿಂದ ಸಂಜಯ ಬಗ್ಗಿ ನೋಡುತ್ತಿದ್ದ. “ಅತ್ತಿ,” ಎಂದಳು ಗಡಬಡಿಸಿ, “ಏಳ್ರಿ, ಹೊರಗ ಹೋಗೂಣು. ವಾಂತಿ ಬಂದಂಗ ಆಗಾಕತ್ತೈತಿ.” ಹಾಲವ್ವ ಪರದೆಯಿಂದ ಕಣ್ಣು ತೆಗೆಯದೆ ಅವಳ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಹಿಡಿತ. “ಕುಂದರ ಬೇ. ನಿನ್ನ ವಾಂತಿ ನನಗ ಗೊತ್ತೈತಿ. ಸುಡೂದು ಐತಿ ಅಂತ ಬಾಜೂ ಮನಿ ಮುತ್ತವ್ವ ಆಗಲೇ ಹೇಳ್ಯಾಳ.” ಪರದೆಯ ಮೇಲೆ ಬೆಂಕಿ ಎದ್ದಿತು. ಟಾಕೀಜಿನ ಮುಖಗಳೆಲ್ಲ ಕೆಂಪಾದವು. ಹಾಲವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡು, ಬೇರೆಯವರ ಮನೆಯ ಕಾರ್ಯಕ್ಕೆ ಹೋದಾಗ ನೋಡುವ ಹಾಗೆ, ಗೌರವದಿಂದ, ಕೊನೆಯ ತನಕ ನೋಡಿದಳು. “ಪಾಪ, ಇವರಲ್ಲಿ ಸುಡತಾರ ಕಾಣಸ್ತೈತಿ,” ಎಂದಳು. “ಇರಲಿ. ಅಂವ ಆಗಲೇ ಕುಂತ ಹೋದ.”

ಆಟ ಬಿಟ್ಟ ಮೇಲೆ ಮೈಕು ಕೊಟ್ಟರು. ಎರಡು ಮಾತಾಡಿರಿ ಅಮ್ಮ, ಶತ್ರುಗಳಿಗೆ ಏನು ಹೇಳ್ತೀರಿ, ಎಂದು ಮೊಬೈಲು ಹಿಡಿದ ಒಬ್ಬ ಕೇಳಿದ. ಹಾಲವ್ವ ಮೈಕನ್ನು ತೀರ ಬಾಯಿಗೆ ಒತ್ತಿಕೊಂಡು, “ಭಾಳ ಛಲೋ ಮಾಡ್ಯಾರ್ರಿ,” ಎಂದಳು. “ನನ್ನ ಮಗನ್ನ ಕುಂಡರಿಸಿ ತೋರಿಸ್ಯಾರ. ಉಪಕಾರ ಆತು.” ಜನ ಚಪ್ಪಾಳೆ ತಟ್ಟಿದರು. ಪಕ್ಷದ ವಸ್ತ್ರದವನು ಇನ್ನೂ ಏನೋ ಬರುತ್ತದೆಂದು ಕಾದು, ಬಾರದಿದ್ದಾಗ ತಾನೇ ಜೈಕಾರ ಹಾಕಿದ.

ಎಲ್ಲರೂ ಕ್ರೂಸರು ಹತ್ತುವಾಗ ಪೂರ್ಣಿಮಾ ಚುನಮುರಿ ಕೊಳ್ಳುವ ನೆವ ಮಾಡಿ ರಸ್ತೆ ದಾಟಿ ಪತ್ರಿಕೆಯ ಗಿರಿಮಲ್ಲಪ್ಪನಿಗೆ ಫೋನು ಹಚ್ಚಿದಳು. ಪುಟ ಕಟ್ಟುವವನು ಆತನೇ. “ಸರ, ನನ್ನ ಲೇಖನದಾಗಿನ ಕಡೀ ಸಾಲು ತಗೀರಿ. ಕುಂತು ಸಾಯೂದು, ಸುಳ್ಳು ಅಂತ ಐತಲ್ರಿ, ಅದು.” “ಅಯ್ಯ ಮೇಡಂ! ಅದನ್ನ ನಾ ತಲೆಬರಹಕ್ಕ ಎತ್ತಿ ಹಾಕೇನ್ರಿ. ‘ನಿಜದೊಳಗೊಂದು ಸುಳ್ಳು’. ಅದೊಂದ ಸಾಲ ನೋಡ್ರಿ ಖಡಕ್ ಇರೂದು. ಅದನ್ನ ತಗದರ ಉಳಿಯೂದೇನು, ಬರೇ ಹೊಗಳಿಕಿ.” “ಇರಲಿ ಬಿಡ್ರಿ. ಬರೇ ಹೊಗಳಿಕಿನ ಇರಲಿ.” “ಮನಿಯಾಗ ಬೈದ್ರೇನ್ರಿ?” ಎಂದು ಆತ ನಕ್ಕ. ಅವಳಿಗೆ ಶಿವಾಜಿ ಸರ್ ಸೋಮವಾರ ಮುಗುಳ್ನಗುವುದು ಈಗಲೇ ಕಾಣುತ್ತಿತ್ತು. “ಆತು, ಬ್ಯಾರೆ ತಲೆಬರಹ ಹೇಳ್ರಿ ಮತ್ತ,” ಎಂದ ಆತ, ಪುಟ ಮತ್ತೆ ಕಟ್ಟಬೇಕಾದವನ ಬೇಸರದಲ್ಲಿ. “ನೀವ ಹಾಕ್ರಿ,” ಎಂದಳು.

ಹಾಲವ್ವ ಈ ಸಲ ಹಿಂದಿನ ಸೀಟಿನಲ್ಲಿ ಸೊಸೆಯ ಪಕ್ಕ ಕೂತಿದ್ದಳು. ಕಾವೇರಿ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಊರು ದಾಟಿ ಕಬ್ಬಿನ ಹೊಲಗಳು ಶುರುವಾದ ಮೇಲೆ ಹಾಲವ್ವ ಕೇಳಿದಳು: “ನೀ ಸಿನಿಮಾದ್ದು ಬರಿಯಾಕಿ, ನಿನಗ ತಿಳೀತೈತಿ. ಖರೆ ಹೇಳು. ಅವರು ಸುಮ್ಮ ತಮ್ಮ ಮನಸ್ಸಿಗೆ ಬಂದಂಗ ತಗೀತಾರೋ, ಕೇಳಿ ತಿಳಕೊಂಡು ತಗೀತಾರೋ?” ಸಂಜಯ ಕಿಟಕಿಯಾಚೆ ನೋಡುತ್ತಿದ್ದ. ಅವನ ಕುತ್ತಿಗೆಯ ನರ ಬಿಗಿದದ್ದು ಪೂರ್ಣಿಮಾಗೆ ಕಂಡಿತು. ಪೆಟಿಗಿ ಹಗೂರಿತ್ತು. ಅವಳು ತನ್ನ ಎಡಗೈಯನ್ನು ನೋಡಿಕೊಂಡಳು. ಚಾಕ್‌ಪೀಸಿನ ಪುಡಿ, ಒಗ್ಗರಣೆ ಸಿಡಿದ ಕಲೆ.

“ಕೇಳಿ ತಿಳಕೊಂಡ ತಗದಾರ್ರಿ ಅತ್ತಿ.”

“ಯಾರನ್ನ ಕೇಳ್ಯಾರ?”

“ಗೊತ್ತಿದ್ದವರನ್ನ.”

ಹಾಲವ್ವ ತಲೆಯಾಡಿಸಿದಳು. ಸ್ವಲ್ಪ ದೂರ ಹೋದ ಮೇಲೆ “ಹುಲೆಪ್ಪಾ, ಹೊಲದ ಹಾದಿಗಿ ಹೊಳ್ಳಸು,” ಎಂದಳು.

ಹೊಳೆಗೆ ಕಟ್ಟಿದ ಬ್ಯಾರೇಜಿನ ಕಡೆಯಿಂದ ಬರುವ ಗಾಳಿಗೆ ನೀರಿನ ತಂಪಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಹಾಲವ್ವ ಗಂಡನ ಚೌಕ ಗದ್ದಿಗೆಗೆ ಕೈ ಮುಟ್ಟಿಸಿ ಹಣೆಗೊತ್ತಿಕೊಂಡು ಮುಂದೆ ಹೋದಳು. ಏಳು ವರ್ಷದಿಂದ ಆಕೆ ಮಗನ ಜಾಗಕ್ಕೆ ಬಂದಾಗೆಲ್ಲ ತಲೆ ಎತ್ತ, ಕಾಲು ಎತ್ತ ಎಂದು ತಿಳಿಯದವಳ ಹಾಗೆ ಕಲ್ಲುಗಳ ಸುತ್ತ ಒಂದು ಸಲ ತಿರುಗಿ, ಹೂವನ್ನು ನಡುವೆ ಎಲ್ಲೋ ಇಟ್ಟು ಬರುತ್ತಿದ್ದಳು. ಇವತ್ತು ತಿರುಗಲಿಲ್ಲ. ಶಾಲನ್ನು ನಿದ್ದೆಯಿಂದೆದ್ದು ಹಿಂದೆಯೇ ಬಂದ ಮೊಮ್ಮಗಳ ಹೆಗಲಿಗೆ ಹಾಕಿ, ಸೆರಗು ಸಿಕ್ಕಿಸಿ, ಕೆಳತುದಿಗೆ ಹೋಗಿ ಬಗ್ಗಿ ಅಲ್ಲಿನ ಒಂದು ಕಲ್ಲನ್ನು ಅಲ್ಲಾಡಿಸಿ ಕಿತ್ತಳು. ಅದನ್ನು ಹೊಟ್ಟೆಗವಚಿಕೊಂಡು ನಡೆದು ನಡುಮಧ್ಯೆ ತಂದಿಟ್ಟಳು. ಹಿಂದೆ ಸರಿದು ನಿಂತು ನೋಡಿದಳು. ಮತ್ತೆ ಇನ್ನೊಂದಕ್ಕೆ ಹೋದಳು.

“ಅವ್ವಾ, ಏನ ಮಾಡಾಕತ್ತಿ?” ಎಂದ ಸಂಜಯ.

“ನಾಳೆ ಗೌಂಡಿನ್ನ ಕರಸು. ಚೌಕ ಕಟ್ಟಂತ ಹೇಳು.”

ಸಂಜಯ ಹೆಂಡತಿಯ ಕಡೆ ನೋಡಿದ. ಎಷ್ಟೋ ವರ್ಷದ ಮೇಲೆ ನೇರವಾಗಿ ಮುಖಕ್ಕೆ ಮುಖ ಕೊಟ್ಟು ನೋಡಿದ. ಪೂರ್ಣಿಮಾ ಚಪ್ಪಲಿ ಬಿಟ್ಟು, ಎರೆಮಣ್ಣಿನಲ್ಲಿ ಕಾಲೂರಿ, ಕೆಳತುದಿಯ ಮೂಲೆಗಲ್ಲಿಗೆ ಕೈ ಹಾಕಿದಳು. ಅದು ಮಣ್ಣಿನಲ್ಲಿ ಬಹಳ ಆಳಕ್ಕೆ ಕೂತಿತ್ತು, ಸುಲಭಕ್ಕೆ ಏಳುವಂತಿರಲಿಲ್ಲ. ಸಂಜಯ ಬಂದು ಇನ್ನೊಂದು ಮಗ್ಗುಲು ಹಿಡಿದ.